ಪೊಲೀಸರನ್ನೇ ಕರೆಯಬೇಕೇ? ಊರು, ಬಡಾವಣೆಯ ಸುರಕ್ಷತೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಕ್ಕದ ಮನೆಯಲ್ಲಿ ಗಲಾಟೆ, ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ಅಳುವ ಮಗು, ಬೀದಿಯಲ್ಲಿ ತನ್ನಷ್ಟಕ್ಕೆ ತಾನೇ ಕೂಗಾಡುವ ಮನುಷ್ಯ, ಮನೆ ಬರೆಸಿಕೊಂಡ ಮೇಲೆ ಊಟ ಹಾಕದ ಮಗ. ಯಾವುದೇ ಆದರೂ ನಮಗೆ ಮೊದಲು ಹೊಳೆಯುವುದು ಸ್ಟೇಷನ್. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಕಾನೂನೇ ಬೇರೆ ಅಧಿಕಾರಿಯನ್ನು ಹೊಣೆ ಮಾಡಿದೆ. ಕರ್ನಾಟಕದಲ್ಲಿ ಆ ಅಧಿಕಾರಿ ಯಾರು, ಅವರನ್ನು ತಲುಪುವುದು ಹೇಗೆ, ಕೆಲಸ ಎಲ್ಲಿ ಕೆಡುತ್ತದೆ ಎಂಬುದು ಇಲ್ಲಿದೆ.

ಪೊಲೀಸರನ್ನು ಕರೆಯಲೇಬಾರದು ಎನ್ನುತ್ತೀರಾ?

ಖಂಡಿತ ಇಲ್ಲ. ಆಯುಧ ಹಿಡಿದವರು, ರಕ್ತಗಾಯ, ಅಪಹರಣ, ಲೈಂಗಿಕ ದೌರ್ಜನ್ಯ, ಗುಂಪು ಸೇರಿ ಹೊಡೆಯುವುದು ಇವಕ್ಕೆಲ್ಲ 112. ಒಂದು ನಿಮಿಷವೂ ಯೋಚಿಸಬೇಡಿ. ಹದಿನೆಂಟರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಮುಚ್ಚಿಟ್ಟರೆ ಅದೇ ಒಂದು ಅಪರಾಧ.

ಜಾತಿ ದೌರ್ಜನ್ಯದ ವಿಷಯದಲ್ಲೂ ಹಾಗೆಯೇ. ಊರಿನ ಹಿರಿಯರು ಕಟ್ಟೆ ಮೇಲೆ ಕೂತು ‘ಆಗಿದ್ದು ಆಯಿತು, ಊರ ಮರ್ಯಾದೆ ಉಳಿಸಿ’ ಎಂದು ಮಾಡಿಸುವ ರಾಜಿಯನ್ನು ನಾವು ಪೊಲೀಸರಿಗೆ ಪರ್ಯಾಯ ಎಂದು ಕರೆಯುವುದಿಲ್ಲ. ಅದು ಏಟು ತಿಂದವರ ಬಾಯಿ ಮುಚ್ಚಿಸುವ ಕೆಲಸ. ಅಲ್ಲಿ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್ ಆಗಲೇಬೇಕು.

ಮಿಕ್ಕ ವಿಷಯಗಳಿಗೂ ಪೊಲೀಸರು ಬಂದರೆ ತಪ್ಪೇನು?

ಠಾಣೆಯ ಕೈಯಲ್ಲಿರುವುದು ಕೆಲವೇ ಉಪಾಯ: ಕೇಸು ಹಾಕುವುದು, ಬಂಧಿಸುವುದು, ಮುಚ್ಚಳಿಕೆ ಬರೆಸಿಕೊಳ್ಳುವುದು, ಗದರಿಸಿ ಕಳಿಸುವುದು. ಕಾಯಿಲೆಗೂ ಸಾಲಕ್ಕೂ ಕತ್ತಲ ಬೀದಿಗೂ ಇದರಲ್ಲಿ ಯಾವುದೂ ಮದ್ದಲ್ಲ. ಇನ್ನೊಂದು ತೊಡಕೂ ಇದೆ. ನೆರೆಹೊರೆಯ ಬೈಗುಳದಂಥ ಸಣ್ಣ ಜಗಳಗಳು ಬಹುಪಾಲು ಅಸಂಜ್ಞೇಯ ಅಪರಾಧಗಳು. ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 174ನೇ ಸೆಕ್ಷನ್ ಪ್ರಕಾರ ಇಂಥವನ್ನು ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ‘ಎನ್‌ಸಿಆರ್ (ಅಸಂಜ್ಞೇಯ ದೂರು ದಾಖಲಾದ ಚೀಟಿ) ಕೊಟ್ಟು ಕಳಿಸಿಬಿಟ್ಟರು’ ಎಂದು ಜನ ಬೇಸರಪಡುವುದು ಇದಕ್ಕೇ. ಅವರಿಗಿರುವ ಅಧಿಕಾರ ಅಷ್ಟೇ.

ಬೇರೆ ದೇಶಗಳಲ್ಲಿ ಇದಕ್ಕೆ ವ್ಯವಸ್ಥೆಗಳನ್ನೇ ಕಟ್ಟಿದ್ದಾರೆ. ಅಮೆರಿಕದ ಓರೆಗನ್ ರಾಜ್ಯದ ಯೂಜೀನ್ ಊರಿನಲ್ಲಿ 1989ರಲ್ಲಿ ಶುರುವಾದ ಕಹೂಟ್ಸ್ ತಂಡದಲ್ಲಿ ಒಬ್ಬರು ವೈದ್ಯಕೀಯ ಸಿಬ್ಬಂದಿ, ಒಬ್ಬರು ಮಾನಸಿಕ ಬಿಕ್ಕಟ್ಟು ನಿಭಾಯಿಸಬಲ್ಲವರು ಒಂದು ವ್ಯಾನಿನಲ್ಲಿ ಬರುತ್ತಿದ್ದರು, ಬಂದೂಕಿಲ್ಲದೆ. 2025ರ ಏಪ್ರಿಲ್‌ನಲ್ಲಿ ಆ ಊರಿನ ಸೇವೆ ನಿಂತಿತು. 2020ರ ಜೂನ್‌ನಲ್ಲಿ ಡೆನ್ವರ್ ನಗರ ಇದೇ ಬಗೆಯ ಸ್ಟಾರ್ ಎಂಬ ತಂಡವನ್ನು ಆರಂಭಿಸಿತು. ತುರ್ತು ಕರೆ ಬಂದಾಗ ಪೊಲೀಸರನ್ನು ಕಳಿಸಬೇಕೋ ಈ ತಂಡವನ್ನೋ ಎಂದು ಅಲ್ಲಿ ಕಂಟ್ರೋಲ್ ರೂಮ್ ತೀರ್ಮಾನಿಸುತ್ತದೆ. ನಮ್ಮಲ್ಲಿ ಸಹಾಯವಾಣಿಗಳು ಇವೆ, ಅಧಿಕಾರಿಗಳೂ ಇದ್ದಾರೆ, ಆದರೆ ಚದುರಿಹೋಗಿದ್ದಾರೆ. ಯಾವ ಕರೆ ಯಾರಿಗೆ ಎಂದು ವಿಂಗಡಿಸುವ ಹೊಣೆ ಕರೆ ಮಾಡುವವರ ಮೇಲೇ ಬಿದ್ದಿದೆ.

ಮನೆಯವರೊಬ್ಬರು ಮಾನಸಿಕ ಕಾಯಿಲೆಯಿಂದ ಕೂಗಾಡುತ್ತಿದ್ದಾರೆ, ಸಾಮಾನು ಎಸೆಯುತ್ತಿದ್ದಾರೆ. ಏನು ಮಾಡಬೇಕು?

ಮೊದಲು ಮನೆಯೊಳಗೆ. ಒಬ್ಬರೇ ಮಾತಾಡಿ, ಉಳಿದವರು ಹಿಂದೆ ಸರಿಯಲಿ. ಟಿವಿ ಆರಿಸಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ದಾರಿ ಮುಚ್ಚಿದೆ ಎನಿಸಿದರೆ ಹೆದರಿದ ಮನುಷ್ಯ ತಳ್ಳಿಕೊಂಡೇ ಹೊರಡುತ್ತಾನೆ. ಎರಡು ತೋಳಿನಷ್ಟು ದೂರ ಇರಲಿ. ‘ಯಾರೂ ನಿನ್ನ ಹಿಂದೆ ಬಿದ್ದಿಲ್ಲ, ಎಲ್ಲ ನಿನ್ನ ಭ್ರಮೆ’ ಎಂದು ವಾದಕ್ಕಿಳಿಯಬೇಡಿ. ‘ಹೆದರಿಕೆ ಆಗ್ತಿದೆ ಅಲ್ವಾ, ನೀರು ಕೊಡ್ಲಾ?’ ಎಂಬಷ್ಟು ಸಾಕು. ಮಚ್ಚು, ಕುಡುಗೋಲು, ಸೀಮೆಎಣ್ಣೆ, ಕೀಟನಾಶಕಗಳನ್ನು ಗಲಾಟೆಯ ಹೊತ್ತಿನಲ್ಲಿ ಹುಡುಕಾಡುವ ಬದಲು ಶಾಂತವಾಗಿದ್ದ ದಿನವೇ ಮನೆಯಿಂದ ಸಾಗಿಸಿಬಿಡಿ.

ಆಮೇಲೆ 14416, ಅಂದರೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ. ಅವರಿಂದ ಯಾರೂ ಮನೆಗೆ ಬರುವುದಿಲ್ಲ, ಈ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಏನು ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಹೇಳುತ್ತಾರೆ. ಸಾಗಿಸಲು 108 ಆಂಬುಲೆನ್ಸ್ ಕರೆಯುವಾಗ ‘ಹುಚ್ಚು ಹಿಡಿದಿದೆ’ ಎನ್ನಬೇಡಿ. ವಯಸ್ಸು, ಎಷ್ಟು ದಿನದಿಂದ ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆಯೇ, ಯಾವ ಮಾತ್ರೆ ನಿಲ್ಲಿಸಿದ್ದಾರೆ, ಕೈಯಲ್ಲಿ ಆಯುಧ ಇದೆಯೋ ಇಲ್ಲವೋ ಎಂದು ಹೇಳಿ. ತೀರಾ ಉದ್ರೇಕದಲ್ಲಿದ್ದರೆ ಆಂಬುಲೆನ್ಸಿನವರೇ ಪೊಲೀಸರ ನೆರವು ಕೇಳಬಹುದು. ಆಗಲೂ ಹೋಗಬೇಕಾದ್ದು ಆಸ್ಪತ್ರೆಗೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಪೊಲೀಸರು ಇಂಥವರನ್ನು ತಮ್ಮ ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೋವೈದ್ಯರು ದೂರ ಇದ್ದರೆ ಸುಮ್ಮನೆ ಕಾಯಬೇಡಿ. ಜೀವಕ್ಕೆ ಅಪಾಯ ಎನಿಸಿದಾಗ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಲು ಇದೇ ಕಾಯ್ದೆಯ 94ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಹಾಗಾಗಿ ತಾಲೂಕು ಆಸ್ಪತ್ರೆಯಲ್ಲೇ ಮೊದಲ ಇಂಜೆಕ್ಷನ್ ಆಗಬಹುದು. ಗಲಾಟೆ ಇಳಿದ ಮೇಲೆ ಚಿಕಿತ್ಸೆ ಮುಂದುವರಿಸಲು ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ಸಾಮಾನ್ಯವಾಗಿ ಮಂಗಳವಾರ. ದಿನವನ್ನು ಆಸ್ಪತ್ರೆಯಲ್ಲೇ ಕೇಳಿಕೊಳ್ಳಿ.

ಎರಡು ಎಚ್ಚರಿಕೆ. ಕಂಬಕ್ಕೆ, ಮಂಚಕ್ಕೆ ಸರಪಳಿ ಹಾಕಿ ಕಟ್ಟುವುದನ್ನು ಈ ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ, ದೇವಸ್ಥಾನವೋ ದರ್ಗಾವೋ ಖಾಸಗಿ ಕೇಂದ್ರವೋ ಎಲ್ಲಿಯಾದರೂ ಸರಿ. ಎರಡನೆಯದು: ನೆನ್ನೆ ಮೊನ್ನೆಯವರೆಗೆ ಸರಿಯಿದ್ದ ವಯಸ್ಸಾದವರು ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ಅದನ್ನು ಮನಸ್ಸಿನ ಕಾಯಿಲೆ ಎಂದುಕೊಳ್ಳಬೇಡಿ. ಸಕ್ಕರೆ ಇಳಿದಿರಬಹುದು, ಸೋಡಿಯಂ ಕಡಿಮೆಯಾಗಿರಬಹುದು, ಮೂತ್ರದ ಸೋಂಕಿರಬಹುದು, ಪಾರ್ಶ್ವವಾಯು ಆಗಿರಬಹುದು. ತಕ್ಷಣ 108.

ಶಾಂತವಾಗಿದ್ದಾಗ ಮಾಡಿಡಬೇಕಾದ ಒಂದು ಕೆಲಸ: ತಮ್ಮ ನಾಮನಿರ್ದೇಶಿತ ಪ್ರತಿನಿಧಿ ಯಾರೆಂದು ಬಿಳಿ ಹಾಳೆಯ ಮೇಲೆ ಕಾಯಿಲೆಯವರಿಂದಲೇ ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಡಿ. ಒಪ್ಪಿಗೆ ಇಲ್ಲದೆ ದಾಖಲಿಸಬೇಕಾದ ದಿನ ಅರ್ಜಿ ಹಾಕಬೇಕಾದವರು ಈ ಪ್ರತಿನಿಧಿಯೇ. ಅಣ್ಣತಮ್ಮಂದಿರು ಆಸ್ಪತ್ರೆಯ ಬಾಗಿಲಲ್ಲಿ ಜಗಳವಾಡುವುದು ಇದರಿಂದ ತಪ್ಪುತ್ತದೆ.

ಸಾಯುತ್ತೇನೆ ಎನ್ನುತ್ತಿದ್ದಾರೆ. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಂಬ ಭಯ.

ಈ ಭಯದಿಂದಲೇ ಎಷ್ಟೋ ಜೀವ ಹೋಗಿವೆ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ದಾಖಲೆ) ಬರೆಯುತ್ತಾರೆ, ಪೊಲೀಸರು ಬಂದು ಹೇಳಿಕೆ ಪಡೆಯುತ್ತಾರೆ, ಅದು ನಿಜ. ಆದರೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ. ವಿಷ ಸೇವಿಸಿದ್ದರೆ ಉಪ್ಪು ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು 108ರಲ್ಲಿ ಹೊರಡಿ. ವೈದ್ಯರಿಗೆ ಲೇಬಲ್ ಬಹಳ ಮುಖ್ಯ. ಇನ್ನೂ ಮಾತಿನ ಹಂತದಲ್ಲೇ ಇದ್ದರೆ ಒಂಟಿಯಾಗಿ ಬಿಡಬೇಡಿ, ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. 14416ಕ್ಕೆ ಅವರ ಪಕ್ಕ ಕೂತೇ ಕರೆ ಮಾಡಿ.

ಕುಡಿದು ಗಲಾಟೆ ಮಾಡುವವನನ್ನು ಒಂದೆರಡು ದಿನ ಒಳಗೆ ಹಾಕಿಸಿದರೆ ಬುದ್ಧಿ ಬರುವುದಿಲ್ಲವೇ?

ಜೀವಕ್ಕೇ ಅಪಾಯ ಬರಬಹುದು. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರಿಗೆ ಮದ್ಯ ಒಮ್ಮೆಲೇ ನಿಂತರೆ ಮೊದಲ ಎರಡು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿದ ಮಾತು, ಜ್ವರ ಶುರುವಾದರೆ ಅದು ತುರ್ತು ಸ್ಥಿತಿ. ಲಾಕಪ್ಪಿನಲ್ಲೋ ಬೀಗ ಹಾಕಿದ ಕೋಣೆಯಲ್ಲೋ ಇದನ್ನು ‘ನಾಟಕ’ ಎಂದುಕೊಳ್ಳುತ್ತಾರೆ. ಮದ್ಯ ಬಿಡಿಸುವುದು ಆಸ್ಪತ್ರೆಯ ಔಷಧದ ಜೊತೆಗೇ ಆಗಬೇಕು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಹೊಡೆಯುತ್ತಿದ್ದರೆ ಮಾತ್ರ 112. ಪೊಲೀಸರು ಬಂದಾಗ ಅವರ ಕುಡಿತದ ಇತಿಹಾಸವನ್ನು ಹೇಳಿ, ವೈದ್ಯಕೀಯ ತಪಾಸಣೆ ಮಾಡಿಸುವಂತೆ ಕೇಳಿ.

ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಅಕ್ರಮವಾಗಿ ಮದ್ಯ ಮಾರುತ್ತಿದ್ದರೆ ದೂರು ಹೋಗಬೇಕಾದದ್ದು ಅಬಕಾರಿ ಇನ್‌ಸ್ಪೆಕ್ಟರರಿಗೆ. ಸ್ತ್ರೀಶಕ್ತಿ ಸಂಘಗಳು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಅದರ ನಕಲನ್ನು ದೂರಿಗೆ ಲಗತ್ತಿಸಿದರೆ ಒಬ್ಬರ ಮೇಲೆ ದ್ವೇಷ ಬರುವುದಿಲ್ಲ.

ಗಂಡ ಹೊಡೆಯುತ್ತಾನೆ. ಸ್ಟೇಷನ್ ಮೆಟ್ಟಿಲು ಹತ್ತಲು ಅವಳಿಗೆ ಇಷ್ಟವಿಲ್ಲ. ಬೇರೆ ದಾರಿ ಇದೆಯೇ?

ಇದೆ, ಗಟ್ಟಿಯಾದ ದಾರಿಯೇ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಸಿವಿಲ್ ಸ್ವರೂಪದ ಪರಿಹಾರ ಕೊಡುತ್ತದೆ. ಗಂಡನನ್ನು ಜೈಲಿಗೆ ಕಳಿಸದೆ, ಎಫ್‌ಐಆರ್ ಇಲ್ಲದೆ, ಹೊಡೆಯದಂತೆ ಆದೇಶ, ಮನೆಯಲ್ಲೇ ವಾಸಿಸುವ ಹಕ್ಕು, ಜೀವನಾಂಶ, ಮಕ್ಕಳನ್ನು ತಾತ್ಕಾಲಿಕವಾಗಿ ತನ್ನ ಬಳಿ ಇಟ್ಟುಕೊಳ್ಳುವ ಹಕ್ಕು ಪಡೆಯಬಹುದು. ಈ ಕಾಯ್ದೆಯಡಿ ನೆರವಾಗಬೇಕಾದ ಸಂರಕ್ಷಣಾಧಿಕಾರಿಗಳು ನಮ್ಮ ರಾಜ್ಯದಲ್ಲಿ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು), ಅಂದರೆ ಅಂಗನವಾಡಿಗಳ ಮೇಲಧಿಕಾರಿಗಳು. ಅವರು ಕೌಟುಂಬಿಕ ಘಟನಾ ವರದಿ ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅರ್ಜಿ ತಲುಪಿದ ಮೂರು ದಿನದೊಳಗೆ ಮೊದಲ ವಿಚಾರಣೆ ಇಡಬೇಕು, 60 ದಿನದಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾನೂನು.

ನಡೆಯುವುದು ಇದಕ್ಕಿಂತ ನಿಧಾನ. ಸಿಡಿಪಿಒಗೆ ನೂರೆಂಟು ಕೆಲಸ, ವರದಿ ಮೇಜಿನ ಮೇಲೇ ಉಳಿಯುತ್ತದೆ. ಅದಕ್ಕೆ ಕಾಯಬೇಕಿಲ್ಲ. ಅವಳೇ ನೇರವಾಗಿ ಇದೇ ಕಾಯ್ದೆಯ 12ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ತಾಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಫೋನ್ 15100. ಅರ್ಜಿಯಲ್ಲಿ 23ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶವನ್ನು ಪ್ರತ್ಯೇಕವಾಗಿ ಕೇಳಿ, ಎಷ್ಟೋ ಅರ್ಜಿಗಳಲ್ಲಿ ಇದೇ ಬಿಟ್ಟುಹೋಗುತ್ತದೆ. ಮುಂದೆ ಆದೇಶ ಮುರಿದರೆ ಅದು ಶಿಕ್ಷಾರ್ಹ ಅಪರಾಧ. ಆಗ ಪೊಲೀಸರು ಬರಲೇಬೇಕು, ಆದೇಶದ ನಕಲು ಕೈಲಿರಲಿ.

ಇವತ್ತು ರಾತ್ರಿಗೇ ಜಾಗ ಬೇಕಿದ್ದರೆ ಮಹಿಳಾ ಸಹಾಯವಾಣಿ 181. ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯ, ವೈದ್ಯಕೀಯ ನೆರವು, ಆಪ್ತಸಮಾಲೋಚನೆ ಒಂದೇ ಕಡೆ ಸಿಗುತ್ತವೆ. ಹಲವು ತಾಲೂಕುಗಳಲ್ಲಿ ಸಾಂತ್ವನ ಕೇಂದ್ರಗಳಿವೆ. ಹೊರಡುವಾಗ ಆಧಾರ್, ಪಡಿತರ ಚೀಟಿ, ಮದುವೆ ಫೋಟೊ, ಮಕ್ಕಳ ಶಾಲಾ ದಾಖಲೆ, ಬ್ಯಾಂಕ್ ಪಾಸ್‌ಬುಕ್ ಇಷ್ಟನ್ನು ಒಂದು ಚೀಲಕ್ಕೆ ಹಾಕಿ ನಂಬುವ ಮನೆಯಲ್ಲಿ ಮೊದಲೇ ಇಟ್ಟಿರಬೇಕು. ಪಕ್ಕದ ಮನೆಯವರು ಮಾಡಬಹುದಾದ್ದು: ಗಲಾಟೆ ಕೇಳಿದಾಗ ಬಾಗಿಲು ತಟ್ಟಿ ‘ಅಕ್ಕಾ, ಸ್ವಲ್ಪ ಹೆಪ್ಪಿಗೆ ಮೊಸರು ಇದೆಯಾ?’ ಎಂದು ಕೇಳುವುದು. ಏಟು ಅಷ್ಟಕ್ಕೇ ನಿಲ್ಲಬಹುದು. ಅವನೆದುರು ಬುದ್ಧಿ ಹೇಳಲು ಹೋಗಬೇಡಿ, ನೀವು ಹೋದ ಮೇಲೆ ಅದರ ಸಿಟ್ಟು ಅವಳ ಮೇಲೆ ತಿರುಗುತ್ತದೆ.

ಆಸ್ತಿ ಬರೆಸಿಕೊಂಡ ಮಗ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿಲ್ಲ.

ಇದಕ್ಕೆ ಉಪವಿಭಾಗಾಧಿಕಾರಿಗಳ, ಅಂದರೆ ಎಸಿ ಕಚೇರಿಯ, ನ್ಯಾಯಮಂಡಳಿ ಇದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಅರ್ಜಿ ಕೊಟ್ಟರೆ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ಸಿಗಬಹುದು. ನೋಟಿಸ್ ಜಾರಿಯಾದ 90 ದಿನದೊಳಗೆ ತೀರ್ಮಾನ ಆಗಬೇಕು. ವಕೀಲರಿಲ್ಲದೆ ನಡೆಸುವಂತೆಯೇ ಕಾನೂನನ್ನು ರೂಪಿಸಿದ್ದಾರೆ. ಬಿಳಿ ಹಾಳೆಯ ಅರ್ಜಿ, ವಯಸ್ಸಿನ ದಾಖಲೆ, ಮಕ್ಕಳ ವಿಳಾಸ ಸಾಕು. ಬರೆಯಲು ಗೊತ್ತಿಲ್ಲದಿದ್ದರೆ ಹಿರಿಯರ ಸಹಾಯವಾಣಿ 14567.

ಬರೆದುಕೊಟ್ಟ ಆಸ್ತಿಯನ್ನು ಇದೇ ಕಾಯ್ದೆಯ 23ನೇ ಸೆಕ್ಷನ್ ಅಡಿ ವಾಪಸ್ ಪಡೆಯಲು ಬಹುಪಾಲು ಅರ್ಜಿಗಳು ಎಡವುವುದು ಒಂದೇ ಕಡೆ: ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ದಾನಪತ್ರದಲ್ಲಿ ಇರುವುದೇ ಇಲ್ಲ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂದು ಪತ್ರ ಬರಹಗಾರರು ಬರೆದುಬಿಟ್ಟಿರುತ್ತಾರೆ. ಇನ್ನೂ ಬರೆದುಕೊಡದವರು ಊಟ, ವಾಸ, ಔಷಧದ ಷರತ್ತನ್ನು ಸ್ಪಷ್ಟ ಮಾತಿನಲ್ಲಿ ಸೇರಿಸಿಯೇ ನೋಂದಣಿ ಮಾಡಿಸಿ.

ಒಂಟಿ ಮಗು ಸಿಕ್ಕರೆ? ಬಾಲ್ಯವಿವಾಹದ ಸುಳಿವು ಸಿಕ್ಕರೆ?

ಎರಡಕ್ಕೂ ಮಕ್ಕಳ ಸಹಾಯವಾಣಿ 1098. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಡಿ, ಫೋಟೊವನ್ನು ಗ್ರೂಪುಗಳಿಗೆ ಹಾಕಬೇಡಿ.

ಬಾಲ್ಯವಿವಾಹ ತಡೆಯುವ ಅಧಿಕಾರ ಸಿಡಿಪಿಒ, ತಹಶೀಲ್ದಾರ್, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೊದಲಾದವರಿಗಿದೆ. ಕರೆ ಮಾಡುವಾಗ ಹುಡುಗಿ ಓದಿದ ಶಾಲೆ, ಮುಹೂರ್ತದ ದಿನ, ಛತ್ರದ ಹೆಸರು ಕೊಡಿ. ಶಾಲಾ ದಾಖಲೆಯ ಜನ್ಮದಿನಾಂಕ ಸಿಕ್ಕರೆ ಅಧಿಕಾರಿಗೆ ಅರ್ಧ ಕೆಲಸ ಮುಗಿದಂತೆ. ಅವರು ಬಂದು ಹೆತ್ತವರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಅಲ್ಲಿಗೆ ಎಲ್ಲರೂ ನಿಶ್ಚಿಂತರಾಗುತ್ತಾರೆ. ಕೆಡುವುದು ಅಲ್ಲೇ. ವಾರದ ನಂತರ ಪಕ್ಕದ ತಾಲೂಕಿನ ದೇವಸ್ಥಾನದಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸಿರುತ್ತಾರೆ. ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರುವಂತೆ ಅಧಿಕಾರಿಯನ್ನು ಒತ್ತಾಯಿಸಿ. ಹುಡುಗಿ ಶಾಲೆಗೆ ಮತ್ತೆ ಬಂದಳೇ ಎಂದು ಮುಖ್ಯ ಶಿಕ್ಷಕರು, ಆಶಾ ಕಾರ್ಯಕರ್ತೆ ಕೆಲವು ತಿಂಗಳು ಗಮನಿಸುತ್ತಿರಲಿ.

ನೆರೆಯವರೊಂದಿಗೆ ನೀರು, ಗೋಡೆ, ಪಾರ್ಕಿಂಗ್, ಸದ್ದಿನ ಜಗಳ.

ಮುನಿಸಿದ್ದರೂ ಮಾತು ಉಳಿದಿದ್ದರೆ ಕಾನೂನು ಸೇವಾ ಸಮಿತಿಗೆ ದಾವೆಪೂರ್ವ (ಕೋರ್ಟಿನಲ್ಲಿ ಕೇಸು ಹಾಕುವ ಮೊದಲಿನ) ಅರ್ಜಿ ಕೊಡಿ. ಶುಲ್ಕವಿಲ್ಲ. ಇಬ್ಬರನ್ನೂ ಕರೆದು ಕೂರಿಸುತ್ತಾರೆ. ಲೋಕ ಅದಾಲತ್‌ನಲ್ಲಿ ಒಪ್ಪಂದವಾದರೆ ಅದಕ್ಕೆ ಸಿವಿಲ್ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ, ಬಲ ಬರುತ್ತದೆ, ಮೇಲ್ಮನವಿ ಇಲ್ಲ. ಎದುರಿನವರು ಬರದಿದ್ದರೆ ಮಾತ್ರ ಅಲ್ಲಿಗೆ ನಿಲ್ಲುತ್ತದೆ.

ತೊಂದರೆ ಇಡೀ ಬೀದಿಯದ್ದಾದರೆ, ಅಂದರೆ ಬೀಳುವಂತಿರುವ ಗೋಡೆ, ಮುಚ್ಚದ ಕೊಳವೆಬಾವಿ, ಒಣಗಿ ವಾಲಿದ ಮರ, ದಾರಿಗೆ ಹರಿಯುವ ಹೊಲಸು, ಆಗ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿ ಎಸಿಯವರಿಗೆ ಅರ್ಜಿ ಕೊಡಿ. ‘ಇಷ್ಟು ದಿನದಲ್ಲಿ ತೆರವು ಮಾಡಿ, ಇಲ್ಲವೇ ಬಂದು ಕಾರಣ ಹೇಳಿ’ ಎಂದು ಅವರು ಆದೇಶಿಸಬಹುದು. ದಿನಾಂಕವಿರುವ ಫೋಟೊ, ಐದಾರು ಮನೆಯವರ ಸಹಿ ಇರಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಧ್ವನಿವರ್ಧಕ ಮಾತ್ರ ಪೊಲೀಸರ ಕೆಲಸವೇ.

ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳು ಕತ್ತಲಾದ ಮೇಲೆ ಓಡಾಡಲು ಹೆದರುತ್ತಾರೆ. ಬೀಟ್ ಪೊಲೀಸ್ ಕೇಳಬೇಕೇ?

ಬೀಟಿನವರು ಬಂದು ಹೋಗುವುದು ಕೆಲವು ನಿಮಿಷ, ದೀಪ ಇರುವುದು ರಾತ್ರಿಯಿಡೀ. ಎಂಟು ಗಂಟೆಯ ಮೇಲೆ ನಾಲ್ಕು ಜನ ಹೆಂಗಸರೇ ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದು ಬರೆದುಕೊಳ್ಳಲಿ: ಆರಿದ ದೀಪದ ಕಂಬದ ಸಂಖ್ಯೆ, ಕೊಂಬೆ ಮುಚ್ಚಿದ ದೀಪ, ಖಾಲಿ ಸೈಟಿನ ಪೊದೆ, ಫುಟ್‌ಪಾತ್ ಮುರಿದು ರಸ್ತೆಗೆ ಇಳಿಯಬೇಕಾದ ಜಾಗ. ಒಂದೇ ದೀಪ ಆರಿದ್ದರೆ ದೀಪದ್ದೇ ದೋಷ. ಸಾಲಾಗಿ ಆರಿದ್ದರೆ ಲೈನು ಅಥವಾ ಟೈಮರ್ ಕೆಟ್ಟಿರುತ್ತದೆ. ಇದನ್ನು ಬರೆಯದಿದ್ದರೆ ಲೈನ್‌ಮ್ಯಾನ್ ಬಲ್ಬು ಹಿಡಿದು ಬಂದು ವಾಪಸ್ ಹೋಗುತ್ತಾರೆ. ಹಳ್ಳಿಯಲ್ಲಿ ದೀಪ ಪಂಚಾಯಿತಿಯದು, ವಿದ್ಯುತ್ ಲೈನು ಎಸ್ಕಾಂನದು (ವಿದ್ಯುತ್ ಸರಬರಾಜು ಕಂಪನಿಯದು). ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸದಂತೆ ಒಂದೇ ಅರ್ಜಿಯನ್ನು ಪಿಡಿಒಗೂ ಎಸ್ಕಾಂನ ಸೆಕ್ಷನ್ ಆಫೀಸರಿಗೂ ಕೊಡಿ. ಬೆಂಗಳೂರಿನಲ್ಲಿ ಪಾಲಿಕೆಯ ಸಹಾಯವಾಣಿ 1533.

ಹಾವು, ಕಾಡುಪ್ರಾಣಿ, ಬಿದ್ದ ವಿದ್ಯುತ್ ತಂತಿ, ನಾಯಿ?

ಅರಣ್ಯ ಇಲಾಖೆ 1926, ವಿದ್ಯುತ್ 1912. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ. ನಾಯಿಯ ಬಗ್ಗೆ ದೂರು ಆಮೇಲೆ, ಪಾಲಿಕೆ ಅಥವಾ ಪಂಚಾಯಿತಿಗೆ.

ಸಾಲ ವಸೂಲಿಯವರು ಮನೆ ಮುಂದೆ ಕೂತು ಅವಮಾನ ಮಾಡುತ್ತಿದ್ದಾರೆ.

ಮೈಕ್ರೊಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ. ಸಂಸ್ಥೆಗೆ ಬರವಣಿಗೆಯಲ್ಲಿ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ಹೋಗಬಹುದು, ಫೋನ್ 14448. ಬೆದರಿಕೆ, ಮನೆಗೆ ಬೀಗ ಹಾಕುವುದು, ಸಾಮಾನು ಎತ್ತಿಕೊಂಡು ಹೋಗುವುದು 2025ರ ಕರ್ನಾಟಕದ ಕಾನೂನಿನಡಿ ಅಪರಾಧ. ಅಲ್ಲಿ ಠಾಣೆಗೇ ಹೋಗಿ.

ನಾವೇ ಯುವಕರ ಗಸ್ತು, ವಾಟ್ಸ್ಆ್ಯಪ್ ಗ್ರೂಪ್ ಮಾಡಿಕೊಂಡರೆ ಹೇಗೆ?

ಬಹಳ ಎಚ್ಚರ ಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ತಾಲೂಕಿನ ಮುರ್ಕಿಯಲ್ಲಿ ಏನೂ ತಪ್ಪು ಮಾಡದ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂಬ ಗುಮಾನಿಯಲ್ಲಿ ಗುಂಪು ಹೊಡೆದು ಕೊಂದಿತು. ಸುದ್ದಿ ಓಡಿದ್ದು ವಾಟ್ಸ್ಆ್ಯಪ್‌ನಲ್ಲಿ. ಅದಕ್ಕೇ ಗ್ರೂಪಿನಲ್ಲಿ ಅಪರಿಚಿತರ ಫೋಟೊ ಹಾಕಕೂಡದು, ಫಾರ್ವರ್ಡ್ ಆದ ಧ್ವನಿ ಸಂದೇಶ ಹಾಕಕೂಡದು, ಬರೆದರೆ ತಾನೇ ಕಂಡದ್ದನ್ನು ಮಾತ್ರ ಬರೆಯಬೇಕು. ಅಡ್ಮಿನ್ ಇದನ್ನು ಮುಲಾಜಿಲ್ಲದೆ ಪಾಲಿಸಲಿ.

ಖಾಸಗಿ ವ್ಯಕ್ತಿ ಯಾರನ್ನಾದರೂ ಹಿಡಿಯಬಹುದಾದ್ದು ತನ್ನ ಕಣ್ಣೆದುರೇ ಗಂಭೀರ ಅಪರಾಧ ನಡೆದಾಗ, ಅಥವಾ ಘೋಷಿತ ಅಪರಾಧಿಯನ್ನು. ಹಿಡಿದವರನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಿಗೂ ಇದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲ. ಮನೆಗೆಲಸದವರ ಚೀಲ ಜಾಲಾಡಿಸುವ ಸಂಘಗಳು ಇದನ್ನು ತಿಳಿದಿರಬೇಕು.

ಅರ್ಜಿ ಕೊಟ್ಟಿದ್ದೇವೆ, ಯಾರೂ ಕದಲಿಲ್ಲ. ಮುಂದೇನು?

ಬಾಯಿಮಾತಿನ ದೂರಿಗೆ ಕಚೇರಿಯಲ್ಲಿ ಗುರುತೇ ಉಳಿಯುವುದಿಲ್ಲ. ಎರಡು ಪ್ರತಿ ಬರೆದು ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಟಪಾಲು ವಿಭಾಗದವರು ‘ಸಾಹೇಬರು ಇಲ್ಲ’ ಎಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಸಹಾಯವಾಣಿಗೆ ಕರೆ ಮಾಡಿದರೆ ದೂರಿನ ಸಂಖ್ಯೆ ಕೇಳದೆ ಫೋನ್ ಇಡಬೇಡಿ. ರಾಜ್ಯ ಸರ್ಕಾರದ ಯಾವ ಇಲಾಖೆಯಾದರೂ 1902ಕ್ಕೆ ಅಹವಾಲು ದಾಖಲಿಸಬಹುದು. ಅಲ್ಲೂ ‘ಪರಿಹರಿಸಲಾಗಿದೆ’ ಎಂದು ಸುಳ್ಳೇ ಮುಚ್ಚಿಬಿಟ್ಟರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಉದ್ದ ಬರೆದ ಎಷ್ಟೋ ಅರ್ಜಿಗಳು ಇದೊಂದೇ ಕಾರಣಕ್ಕೆ ವಾಪಸಾಗುತ್ತವೆ. ಏಕೆ ಮಾಡಲಿಲ್ಲ ಎಂದು ಕೇಳಬೇಡಿ. ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಪುಟಗಳ ದೃಢೀಕೃತ ನಕಲು ಕೊಡಿ’ ಎಂದಷ್ಟೇ ಕೇಳಿ.